ಒಂದೇ ನೋಟಕ್ಕೆ ಎರಡು ಊರು

ಹೋದ ತಿಂಗಳು ಕುಪವಾಡದ ಕಡೆ ಒಂದು ಮದುವೆಗೆ ಹೋಗಿದ್ದೆ. ಕೈಯಲ್ಲಿ ತಾಟು ಹಿಡಿದು ಊಟದ ಸಾಲಿನಲ್ಲಿ ನಿಂತಿದ್ದಾಗ ಪರದೆಯ ಹಿಂದೆ ಅಡುಗೆಯವನು ದೊಡ್ಡ ಗ್ಯಾಸಿನ ಒಲೆ ಹೊತ್ತಿಸಿದ. ಭುಸ್ಸೆಂದು ಬೆಂಕಿ ಎದ್ದ ಸದ್ದು, ಅದರ ಹಿಂದೆಯೇ ಹಸಿ ಗ್ಯಾಸಿನ ವಾಸನೆ. ನನ್ನ ಕಾಲು ನಿಂತಲ್ಲೇ ನಿಂತವು. ಹಿಂದಿದ್ದ ಹೆಂಗಸು "ತಾಈ, ಪುಢೇ ಚಲಾ ನಾ" ಎಂದು ಬೆನ್ನು ತಟ್ಟಿದಳು. ಮುಂದೆ ಹೋಗಲು ಆಗಲಿಲ್ಲ. ತಾಟು ಅಲ್ಲೇ ಇಟ್ಟು ಹೊರಗೆ ಬಂದು ಚಪ್ಪಲಿಗಳ ರಾಶಿಯ ಪಕ್ಕ ಕುಳಿತು ಅತ್ತುಬಿಟ್ಟೆ. ಐವತ್ತು ದಾಟಿದ ಹೆಂಗಸು ಮದುವೆ ಮನೆಯಲ್ಲಿ ಹಾಗೆ ಅಳಬಾರದು, ನನಗೂ ಗೊತ್ತು. ಏನು ಮಾಡಲಿ, ಆ ಸದ್ದೂ ಆ ವಾಸನೆಯೂ ಕೂಡಿದರೆ ನನಗೆ ಮಾಲಗಾಂವದಲ್ಲಿ ಬಲೂನು ಹಾರಿದ ಆ ಚಳಿಗಾಲವೇ ಕಣ್ಣ ಮುಂದೆ ಬರುತ್ತದೆ. ಅದರ ಜೊತೆಗೆ ಚಂಪಾ ಮಾವಶಿ ಬರುತ್ತಾಳೆ.

ಮಾಲಗಾಂವದ ಹೊರಗೆ ದ್ರಾಕ್ಷಿ ತೋಟದ ಮಾಲೀಕರೊಬ್ಬರು ಪ್ರವಾಸಿಗರಿಗೆಂದು ನಾಲ್ಕು ಕೋಣೆ ಕಟ್ಟಿಸಿದ್ದರು. ಅಷ್ಟಕ್ಕೆ ಸುಮ್ಮನಿರದೆ ಆ ವರ್ಷ ಪುಣೆಯಿಂದ ಒಂದು ಬಿಸಿಗಾಳಿಯ ಬಲೂನನ್ನೂ ಅದನ್ನು ಹಾರಿಸುವ ಕ್ಯಾಪ್ಟನ್ ಸಾಹೇಬರನ್ನೂ ಕರೆತಂದರು. ನಾನು ಸಾಂಗ್ಲಿಯ ಅರಿಶಿನ ವ್ಯಾಪಾರಿಯ ಆಫೀಸು ಬಿಟ್ಟು ಮಿರಜದ ಮನೆಯಲ್ಲಿ ಖಾಲಿ ಕುಳಿತಿದ್ದೆ. ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ, ಮೂರರಲ್ಲೂ ಜಗಳಾಡಬಲ್ಲಳು ಎಂದು ಯಾರೋ ಹೇಳಿದ್ದರಿಂದ ಪ್ರಯಾಣಿಕರನ್ನು ಸಂಭಾಳಿಸುವ ಕೆಲಸ ನನಗೆ ಸಿಕ್ಕಿತು.

ಹಿಂದಿನ ಸಂಜೆ ಒಬ್ಬೊಬ್ಬರಿಗೂ ಫೋನು ಮಾಡಬೇಕು. ಹತ್ತಿ ಬಟ್ಟೆ ಹಾಕಿಕೊಳ್ಳಿ, ನೈಲಾನ್ ಬೇಡ, ನೆತ್ತಿಯ ಮೇಲೆಯೇ ಗ್ಯಾಸಿನ ಬೆಂಕಿ ಉರಿಯುತ್ತದೆ, ಟೊಪ್ಪಿಗೆ ಇರಲಿ. ಇಬ್ಬನಿ ಬಿದ್ದ ಹೊಲದಲ್ಲಿ ಎಲ್ಲಿ ಬೇಕಾದರೂ ಇಳಿಯುತ್ತದೆ, ಬೂಟು ಹಾಕಿ. ತೂಕ ಎಷ್ಟು, ಖರೇ ಹೇಳಿ. ಹೆಂಗಸರು ತೂಕ ಇಳಿಸಿ ಹೇಳುತ್ತಿದ್ದರು, ಗಂಡಸರು ಹೊಟ್ಟೆ ಒಳಗೆಳೆದುಕೊಂಡು ಬರುತ್ತಿದ್ದರು. ಕೊನೆಯಲ್ಲಿ ಒಂದು ಮಾತು ಕಡ್ಡಾಯ: ಹವಾ ಒಪ್ಪಿದರೆ ಮಾತ್ರ ಹಾರುವುದು. ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಾಂಗ್ಲಿಯ ಡಾಕ್ಟರೊಬ್ಬರು, "ನಾ ರಜಾ ಹಾಕೇನ್ರಿ, ಹಾರಬೇಕಂದ್ರ ಹಾರಬೇಕು" ಎಂದು ಹಟ ಹಿಡಿದರು. "ಮಂಜಿಗೂ ಒಂದು ಅರ್ಜಿ ಬರದು ಕೊಡ್ರಿ ಸಾಹೇಬ್ರ" ಎಂದೆ. ಮಾಲೀಕರಿಂದ ಬೈಸಿಕೊಂಡೆ, ಆದರೆ ಮರುದಿನ ಮಂಜು ಬಿದ್ದೇ ಬಿತ್ತು.

ನಸುಕಿನಲ್ಲಿ ಕ್ಯಾಪ್ಟನ್ನರು ಮೊದಲು ಕೈಯಷ್ಟಗಲದ ಪುಗ್ಗೆ, ಮಕ್ಕಳಾಡುವಂಥ ಸಣ್ಣ ಬಲೂನೊಂದನ್ನು ಮೇಲೆ ಬಿಟ್ಟು ಕತ್ತೆತ್ತಿ ನೋಡುತ್ತಿದ್ದರು. ಕೆಳಗೆ ಎಲೆ ಅಲ್ಲಾಡದಿದ್ದರೂ ಮೇಲಿನ ಗಾಳಿಯ ನಡತೆ ಬೇರೆಯೇ ಇರುತ್ತದೆ; ಪುಗ್ಗೆ ಓಡುವ ರೀತಿಯಿಂದ ಅವರಿಗೆ ಅದು ತಿಳಿಯುತ್ತಿತ್ತು. ಬಿಸಿಲೇರಿದರೆ ನೆಲ ಕಾದು ಗಾಳಿ ಕುದಿಯತೊಡಗುತ್ತದೆ, ಅಷ್ಟರೊಳಗೆ ಇಳಿದುಬಿಡಬೇಕು. ಇದೆಲ್ಲ ನಾನು ನೆಲದ ಮೇಲೆ ನಿಂತೇ ಕಲಿತದ್ದು. ಬುಟ್ಟಿಯಲ್ಲಿ ನಾನೊಬ್ಬಳು ಏರಿದರೆ ಒಬ್ಬ ಪ್ರಯಾಣಿಕ ಕಡಿಮೆ, ಹಾಗಾಗಿ ನನ್ನ ಜಾಗ ಕೆಳಗೆ ಬೆನ್ನಟ್ಟಿ ಓಡುವ ಜೀಪಿನಲ್ಲಿ.

ಚಂಪಾ ಮಾವಶಿ ನನ್ನ ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನಗೆ ತವರು ಅಂದರೆ ಆಕೆಯೇ. ಕೃಷ್ಣೆಯ ದಂಡೆಯ ಮ್ಹೈಸಾಳದಲ್ಲಿ ಹುಟ್ಟಿ ಮಾಲಗಾಂವಕ್ಕೆ ಸೊಸೆಯಾಗಿ ಬಂದವಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗ ಭರತ ದ್ರಾಕ್ಷಿ, ಕಬ್ಬು ಬೆಳೆದುಕೊಂಡು ತಾಯಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದ. ಆ ಮಳೆಗಾಲದ ಕೊನೆಗೆ ಆಕೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಮಿರಜದ ಡಾಕ್ಟರುಗಳು ಈ ವಯಸ್ಸಿಗೆ ಕೊಯ್ಯುವುದು ಬೇಡ, ನೋವಿಗೆ ಗುಳಿಗೆ ಕೊಡೋಣ ಎಂದರು. ನಾವೆಲ್ಲ ಅತ್ತೆವು, ಆಕೆ ಅಳಲಿಲ್ಲ. ಕರಿದದ್ದು ಬಿಟ್ಟಳು, ಸಿಹಿ ಬಿಟ್ಟಳು, ಮಂಚದ ಗಾದಿ ತೆಗೆಸಿ ಚಾಪೆ ಹಾಸಿಕೊಂಡಳು. ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ ಒಂದೊಂದೇ ಸಾಮಾನು ಹೊರಗಿಡುತ್ತಿದ್ದಾಳೆ ಅನ್ನಿಸುತ್ತಿತ್ತು ನನಗೆ.

ಕೆಲಸ ಮುಗಿದ ಮೇಲೆ ದಿನವೂ ಆಕೆಯ ಮನೆಗೆ ಹೋಗುತ್ತಿದ್ದೆ. ಒಂದು ದಿನ ನಾನು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಕೇಳಿದಳು:

"ಸುನಂದಾ, ಬಲೂನಿನ್ಯಾಗ ಮ್ಯಾಲ ಹೋದ್ರ ಮಾಲಗಾಂವ, ಮ್ಹೈಸಾಳ ಎರಡೂ ಕೂಡೇ ಕಾಣ್ತಾವೇನ?"

"ಹವಾ ಸ್ವಚ್ಛ ಇದ್ರ ಕಾಣ್ತಾವಂತ. ಕ್ಯಾಪ್ಟನ್ ಹೇಳ್ತಾರ. ಯಾಕ?"

"ನಾ ಒಮ್ಮಿ ನೋಡಬೇಕವಾ."

ನಾನು ನಕ್ಕೆ. "ಮ್ಹೈಸಾಳಕ್ಕ ರಿಕ್ಷಾದಾಗ ಕರ್ಕೊಂಡ ಹೋಗ್ತೀನಿ, ನಡಿ."

"ರಿಕ್ಷಾ, ಬಸ್ಸು, ಚಕ್ಕಡಿ ಎಲ್ಲಾ ಆತು. ಅಲ್ಲಿ ಹೋದ್ರ ಇಲ್ಲೀದು ಧ್ಯಾಸ, ಇಲ್ಲಿ ಬಂದ್ರ ಅಲ್ಲೀದು ಧ್ಯಾಸ. ಜನ್ಮಾ ಪೂರ್ತಿ ಹಂಗ ಹೋತು. ಎರಡೂ ಕೂಡೇ ಒಂದ ಸಲಾನೂ ನನ್ನ ಕಣ್ಣಿಗೆ ಬಿದ್ದಿಲ್ಲ."

ಹೆಣ್ಣಾಗಿ ಹುಟ್ಟಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ನಗು ಅಲ್ಲೇ ನಿಂತಿತು.

ಆಕೆಗೆ ಅವಸರವಿತ್ತು. ಊರಿಂದೂರಿಗೆ ನಡೆದುಕೊಂಡು ಹೊರಟಿದ್ದ ಮುನಿ ಮಹಾರಾಜರು ಮಾಲಗಾಂವದ ಜೈನ ಬಸ್ತಿಗೆ ಬರುವವರಿದ್ದರು. ಅವರ ಮುಂದೆ ದಿಗ್ವ್ರತ ತೆಗೆದುಕೊಳ್ಳುವುದೆಂದು ಮಾವಶಿ ನಿಶ್ಚಯ ಮಾಡಿದ್ದಳು. ನಮ್ಮ ಜೈನರಲ್ಲಿ ವಯಸ್ಸಾದವರು ತೆಗೆದುಕೊಳ್ಳುವ ವ್ರತ ಅದು. ಇನ್ನು ಮೇಲೆ ಪೂರ್ವಕ್ಕೆ ಇಲ್ಲಿಂದಾಚೆ ಹೋಗೆನು, ಪಶ್ಚಿಮಕ್ಕೆ ಇಲ್ಲಿಂದಾಚೆ ಹೋಗೆನು ಎಂದು ಎಲ್ಲ ದಿಕ್ಕಿಗೂ ಗಡಿ ಹಾಕಿಕೊಳ್ಳಬೇಕು. ಮೇಲೂ ಒಂದು ದಿಕ್ಕೇ, ಕೆಳಗೂ ಒಂದು ದಿಕ್ಕೇ. ಅವಕ್ಕೂ ಗಡಿ ಬೇಕು. ಒಮ್ಮೆ ಹಾಕಿಕೊಂಡರೆ ಉಸಿರಿರುವ ತನಕ ದಾಟುವಂತಿಲ್ಲ.

"ಮ್ಯಾಲಿನ ಗಡಿ ತುಸು ಎತ್ತರ ಇಟ್ಕೊ ಮಾವಶಿ, ಆಮ್ಯಾಲ ಹೋದ್ರಾತು" ಎಂದೆ.

"ವ್ರತಾದಾಗ ಕಿಂಡಿ ಇಡ್ತಾರೇನ?" ಎಂದು ಗದರಿಸಿದಳು. "ಮೊದಲ ಹೋಗಿ ಬರ್ತೀನಿ. ಈ ಆಸೆ ಹೊಟ್ಯಾಗ ಇಟ್ಗೊಂಡು ಹೋಗೂದು ಬ್ಯಾಡ."

ಭರತ ಕೇಳಿ ಹೌಹಾರಿದ. "ಅವ್ವಾ, ನಿಂದ್ರಾಕ ಕಸುವಿಲ್ಲ, ಆಕಾಶಕ್ಕ ಹೋಗ್ತೀಯಾ?" ಎಂದ. ಕ್ಯಾಪ್ಟನ್ನರೂ ಸುಲಭಕ್ಕೆ ಒಪ್ಪಲಿಲ್ಲ. ಬುಟ್ಟಿಯೊಳಗೆ ಕುರ್ಚಿ ಇಲ್ಲ, ಪೂರ್ತಿ ಹೊತ್ತು ನಿಂತಿರಬೇಕು. ಇಳಿಯುವಾಗ ಬೆನ್ನು ಮುಂದೆ ಹೋಗುವ ದಿಕ್ಕಿಗೆ ಮಾಡಿ, ಮೊಳಕಾಲು ಬಗ್ಗಿಸಿ, ಹಗ್ಗ ಬಿಗಿಯಾಗಿ ಹಿಡಿಯಬೇಕು. ಇಷ್ಟು ಮಾಡಿ ತೋರಿಸಿದರೆ ಕರೆದೊಯ್ಯುತ್ತೇನೆ ಎಂದರು. ನಾನು ಅಂಗಳದಲ್ಲಿ ತಾಲೀಮು ಶುರು ಮಾಡಿದೆ. ಗೋಡೆಯ ಗೂಟಕ್ಕೆ ದನದ ಹಗ್ಗ ಕಟ್ಟಿ, "ಹಿಡಿ, ಬಗ್ಗು, ಏಳು" ಎನ್ನುತ್ತಿದ್ದೆ. ಮಾವಶಿ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು. ಹತ್ತಿ ಸೀರೆಗೆ ಕಚ್ಚೆ ಹಾಕಿ, ಮೊಮ್ಮಗನ ಶಾಲೆಯ ಬೂಟು ತೊಟ್ಟು, ನನ್ನ ಟೊಪ್ಪಿಗೆ ಇಟ್ಟುಕೊಂಡು ಕ್ಯಾಪ್ಟನ್ನರ ಮುಂದೆ ಬಗ್ಗಿ ಎದ್ದು ತೋರಿಸಿದಾಗ ಅವರು ಕೈಮುಗಿದರು.

ಮೊದಲ ಬೆಳಿಗ್ಗೆ ಮಂಜು. ಕಬ್ಬಿಗೆ ನೀರು ಹಾಯಿಸಿದ ಹೊಲಗಳಿಂದ ಎದ್ದು ಎದುರಿನ ಜೀಪೂ ಕಾಣದಂತೆ ಕವಿದಿತ್ತು. ಕಾದೆವು. ಸೂರ್ಯ ಹುಟ್ಟಿದ್ದು ಬೆಳಕಿನಿಂದಷ್ಟೇ ಗೊತ್ತಾಯಿತು. ಕ್ಯಾಪ್ಟನ್ನರು ಹತ್ತಿರ ಬಂದು "ಹವಾ ನಾಹೀ ಮ್ಹಣತೇ, ಆಜಿ" ಎಂದರು. ಹವಾ ಬೇಡ ಅನ್ನುತ್ತದೆ, ಅಜ್ಜಿ. ಮಾವಶಿ ತಲೆದೂಗಿ, "ಅದಕ್ಕೂ ಮನಸ ಐತಿ" ಎಂದು ಎದ್ದಳು.

ಎರಡನೆಯ ಸಲ ಆಕಾಶ ಕನ್ನಡಿಯಂತಿತ್ತು. ನಾನು ಆಗಲೇ ಹಿಗ್ಗಿದ್ದೆ. ಕ್ಯಾಪ್ಟನ್ನರು ಪುಗ್ಗೆ ಬಿಟ್ಟರು. ಅದು ಸ್ವಲ್ಪ ದೂರ ನೆಟ್ಟಗೆ ಏರಿ, ಆಮೇಲೆ ಯಾರೋ ಕಸಿದುಕೊಂಡಂತೆ ಪೂರ್ವಕ್ಕೆ ಓಡಿತು. ಮೇಲೆ ಗಾಳಿ ಜೋರಿತ್ತು. ಆ ದಿನವೇ ಇನ್ನೊಂದು ಸಂಗತಿ ನನಗೆ ಹೊಳೆದದ್ದು. ಕುಳಿತಲ್ಲೇ ಮಾವಶಿ ನೋವಿಗೆ ತುಟಿ ಕಚ್ಚಿದ್ದಳು. ಭರತ ಗುಳಿಗೆಯನ್ನೂ ನೀರಿನ ಬಾಟಲಿಯನ್ನೂ ಮುಂದೆ ಹಿಡಿದ.

"ಹೊತ್ತು ಹುಟ್ಟಿ ಎರಡು ಗಳಿಗಿ ಆಗೂತನಕ ಬಾಯಾಗ ನೀರು ಹಾಕೂದಿಲ್ಲ" ಎಂದಳು.

"ಇವತ್ತೊಂದಿನ, ಅವ್ವಾ."

"ಇವತ್ತಿಗೊಂದು ನೇಮ, ನಾಳಿಗೊಂದು ನೇಮ ಇರ್ತೈತೇನ?"

ಹೊತ್ತು ಹುಟ್ಟಿ ಮುಕ್ಕಾಲು ತಾಸು ಕಳೆದು ಆಕೆ ನೀರು ಮುಟ್ಟುವ ಹೊತ್ತಿಗೆ ಬಲೂನು ಹಾರಿ ಇಳಿಯುವ ಸಮಯವಾಗಿರುತ್ತಿತ್ತು. ಹಾರುವುದಾದರೆ ಗುಳಿಗೆಯಿಲ್ಲದೆ, ಆ ನೋವಿನಲ್ಲೇ ಹಾರಬೇಕು. ನನಗೆ ಸಿಟ್ಟು ನೆತ್ತಿಗೇರಿತು. "ಕ್ಯಾಪ್ಟನ್‌ಗ ಗಾಳಿ ಕೂಡಿಬಂದ್ರ ನಿನ್ನ ನೇಮ ಅಡ್ಡ, ನಿನ್ನ ನೇಮ ಮುಗದ್ರ ಗಾಳಿ ಅಡ್ಡ. ಏನ್ ಮಾಡಬೇಕು ನಾ?" ಎಂದು ಎಲ್ಲರೆದುರು ಕೂಗಾಡಿದೆ. ಮಾವಶಿ ನನ್ನ ಕೈ ಹಿಡಿದು, "ಒದರಬ್ಯಾಡ, ಜನಾ ನೋಡಾಕತ್ತಾರ" ಎಂದಳು.

ಸಂಜೆ ಹಾರಿಸಿ ಎಂದು ಕ್ಯಾಪ್ಟನ್ನರ ಬೆನ್ನು ಹತ್ತಿದೆ. ಸಂಜೆಯಾದರೆ ಮಾವಶಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಗುಳಿಗೆ ನುಂಗಿ ಸಮಾಧಾನವಾಗಿ ಬರುತ್ತಾಳೆ. ಬಿಸಿಲು ಇಳಿದ ಮೇಲೆ ಗಾಳಿಯೂ ಕೂರುತ್ತದೆ. ಆದರೆ ಯಾವಾಗ ಕೂರುತ್ತದೆ ಎಂಬುದು ಅದರ ಮರ್ಜಿ. ತಡವಾದರೆ ಕತ್ತಲಲ್ಲಿ ಲೈಟಿನ ತಂತಿಗಳ ನಡುವೆ ಇಳಿಯಬೇಕಾಗುತ್ತದೆ. ನನ್ನ ಕಾಟ ತಾಳಲಾರದೆ, ಒಮ್ಮೆ ನೋಡೋಣ ಎಂದರು.

ಆ ಸಂಜೆಯನ್ನು ನಾನು ಮರೆಯಲಾರೆ. ಕಂಬಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಯನ್ನೇ ನಾವೆಲ್ಲ ನೋಡುತ್ತ ಕುಳಿತಿದ್ದೆವು. ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಮಾವಶಿ ಬೂಟು ಹಾಕಿಕೊಂಡು ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದಳು, ಮುಖದಲ್ಲಿ ನೋವಿರಲಿಲ್ಲ. "ಮ್ಹೈಸಾಳ ಬಸ್ತಿ ಶಿಖರ ಬೆಳ್ಳಗ ಐತಿ. ಅದು ಮೊದಲ ಕಾಣ್ತೈತಿ, ಹೌದಿಲ್ಲ?" ಎಂದು ಕೇಳಿದಳು. ಹೌದು ಎಂದೆ. ಸೂರ್ಯ ಕಬ್ಬಿನ ತಲೆಗೆ ತಾಗಿದಾಗ ಪಟ್ಟಿ ಮೆಲ್ಲಗೆ ಇಳಿದು ಜೋತುಬಿತ್ತು. ಗಾಳಿ ನಿಂತಿತ್ತು. ನಾನು ಎದ್ದೇಬಿಟ್ಟೆ. ಕ್ಯಾಪ್ಟನ್ನರು ಮುಳುಗುವ ಸೂರ್ಯನನ್ನೂ ನನ್ನನ್ನೂ ನೋಡಿ ತಲೆಯಾಡಿಸಿದರು. ಬಲೂನು ಬಿಚ್ಚಿ ಊದುವಷ್ಟರಲ್ಲೇ ಕತ್ತಲಾಗುತ್ತಿತ್ತು. ಅವರು ಹೇಳಿದ್ದು ಸರಿಯೇ, ಆದರೂ ಅವರ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಅದರ ನಂತರ ಮೋಡ ಕಟ್ಟಿತು. ದ್ರಾಕ್ಷಿಗೆ ಸಿಹಿ ತುಂಬುವ ಕಾಲದಲ್ಲಿ ಅಕಾಲದ ಮಳೆ ಬಂದರೆ ಹಣ್ಣು ಒಡೆಯುತ್ತದೆ. ಭರತ ಔಷಧಿ ಹೊಡೆಯುತ್ತ ತೋಟದಲ್ಲೇ ಇದ್ದುಬಿಟ್ಟ. ಬಲೂನಿನ ಬಟ್ಟೆ ನೆನೆಯಬಾರದೆಂದು ತಾಡಪತ್ರಿ ಮುಚ್ಚಿ ಇಟ್ಟರು. ನಾನು ಸಂಜೆ ಫೋನು ಮಾಡಿ ಎಲ್ಲರಿಗೂ ನಾಳೆ ಇಲ್ಲ, ನಾಳೆ ಇಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ಮಹಾರಾಜರು ಊರಿಗೆ ಬಂದೇಬಿಟ್ಟರು.

ವ್ರತದ ದಿನ ಬಸ್ತಿಯಲ್ಲಿ ನಾನು ಮಾವಶಿಯ ಹಿಂದೆಯೇ ಕುಳಿತಿದ್ದೆ. ಹೊರಗೆ ಜಿನುಗುತ್ತಿತ್ತು. ಮಹಾರಾಜರ ಪಕ್ಕದಲ್ಲಿದ್ದ ಬಸ್ತಿಯ ಪಂಡಿತರು ಒಂದೊಂದೇ ದಿಕ್ಕು ಕೇಳಿದರು. ಪೂರ್ವಕ್ಕೆ ನಮ್ಮ ತೋಟದ ಬಾವಿ ಎಂದಳು. ಪಶ್ಚಿಮಕ್ಕೆ ಮಿರಜದ ಆಸ್ಪತ್ರೆ. ಉತ್ತರಕ್ಕೆ ಈ ಬಸ್ತಿ. ಆಮೇಲೆ ದಕ್ಷಿಣ ಕೇಳಿದರು. ಮ್ಹೈಸಾಳ ಇರುವುದು ಆ ದಿಕ್ಕಿಗೇ. "ನಮ್ಮ ಕಬ್ಬಿನ ಬದು" ಎಂದಳು. ಮೂಲೆಗಳೂ ಮುಗಿದವು. ಕೆಳಗೆ? ಬಾವಿಯ ತಳ.

"ಮ್ಯಾಲ, ಆಜಿ?"

ಆಕೆ ಹಿಂದಿರುಗಿ ನನ್ನನ್ನು ನೋಡುತ್ತಾಳೇನೋ ಎಂದುಕೊಂಡೆ. ನೋಡಲಿಲ್ಲ. "ನಮ್ಮನಿ ಮಾಳಿಗಿ" ಎಂದಳು.

ಎರಡು ದಿನ ಬಿಟ್ಟು ಮೋಡ ಹರಿಯಿತು. ಮಳೆ ತೊಳೆದ ಆಕಾಶ, ಚಳಿ, ಒಂದಿಷ್ಟೂ ಗಾಳಿಯಿಲ್ಲ. ಇಡೀ ಚಳಿಗಾಲದಲ್ಲಿ ಅಂಥ ಬೆಳಿಗ್ಗೆ ಬಂದಿರಲಿಲ್ಲ. ಬಲೂನು ಎದ್ದು ನಿಧಾನವಾಗಿ ಊರಿನ ಮೇಲೆಯೇ ತೇಲಿತು. ನಾನು ಜೀಪು ಇಳಿದು ಮಾವಶಿಯ ಮನೆಗೆ ಓಡಿದೆ. ಭರತ ಆಕೆಯನ್ನು ಎತ್ತಿಕೊಂಡು ಮಾಳಿಗೆಗೆ ತಂದು ಕುರ್ಚಿಯಲ್ಲಿ ಕೂರಿಸಿ, ಶಾಲು ತರಲು ಕೆಳಗೆ ಹೋಗಿದ್ದ. ಬಲೂನು ಎಷ್ಟು ಕೆಳಗಿತ್ತೆಂದರೆ ಬೆಂಕಿಯ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು. ಬುಟ್ಟಿಯಲ್ಲಿದ್ದವರು ಕೈಬೀಸಿದರು. ಮಾವಶಿಯೂ ಬೀಸಿದಳು. ಬಲೂನು ದಕ್ಷಿಣಕ್ಕೆ ಹೋಗಿ ಸಣ್ಣದಾಗುವ ತನಕ ನೋಡಿದಳು.

"ಸುನಂದಾ, ವ್ರತಾ ತಗೊಂಡೇನಿ. ಆಸೆ ಹೋಗಿಲ್ಲ" ಎಂದಳು. "ಭರತಗ ಹೇಳಬ್ಯಾಡ. ನಮ್ಮವ್ವ ಹಿಂಗ ಹೋದ್ಲಲ್ಲಾ ಅಂತ ಅದನ್ನ ಹಚ್ಗೊಂಡ ಕುಂದ್ರತಾನ."

ನಾನು ಆಕೆಯ ಕಾಲ ಬಳಿ ಕುಳಿತು ಅತ್ತೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು: "ನೀನರ ಹೋಗಿ ಬಾ. ಎರಡೂ ಕೂಡೇ ಕಾಣ್ತಾವಿಲ್ಲೋ ನೋಡಿ ಬಂದು ಹೇಳು. ನಾ ಹೋಗಬಾರದು, ಕೇಳಾಕೇನ ಅಡ್ಡಿ ಇಲ್ಲ."

ಜಾಗ ಸಿಗುವುದು ಸುಲಭವಿರಲಿಲ್ಲ. ಮಳೆಯಿಂದ ಹಾರಾಟ ತಪ್ಪಿದವರೆಲ್ಲ ಒಟ್ಟಿಗೆ ಬಂದು ಬುಟ್ಟಿ ದಿನವೂ ತುಂಬುತ್ತಿತ್ತು. ಇತ್ತ ಮಾವಶಿಗೆ ಅನ್ನ ಒಳಗೆ ಹೋಗದಂತಾಯಿತು, ಮಾತು ಕಡಿಮೆಯಾಯಿತು. ಆದರೂ ಹೋದಾಗೆಲ್ಲ ಹುಬ್ಬು ಎತ್ತಿ ಕೇಳುತ್ತಿದ್ದಳು. ಇನ್ನೂ ಇಲ್ಲ ಎನ್ನಲು ನನಗೆ ನಾಚಿಕೆಯಾಗುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಸಾಂಗ್ಲಿಯ ಹೊಸ ಮದುಮಗಳೊಬ್ಬಳು ಬೆಂಕಿಯ ಸದ್ದಿಗೆ ಹೆದರಿ, ಸತ್ತರೂ ಏರುವುದಿಲ್ಲ ಎಂದು ಹಿಂದೆ ಸರಿದಳು. ಕ್ಯಾಪ್ಟನ್ನರು ನನ್ನತ್ತ ತಿರುಗಿ "ಸುನಂದಾತಾಈ, ಚಲಾ" ಎಂದರು. ಬುಟ್ಟಿಯ ಕಿಂಡಿಗೆ ಕಾಲಿಟ್ಟು ಹತ್ತಿದೆ.

ಬಜಾರಕ್ಕೆ ಹೋದವಳು ಮನೆಯಲ್ಲಿ ಹೇಳಿಕಳಿಸಿದ ಸಾಮಾನನ್ನು ನೆನಪಿಟ್ಟುಕೊಂಡು ಕೊಳ್ಳುವಂತೆ ನಾನು ಪ್ರತಿಯೊಂದನ್ನೂ ನೋಡಿದೆ. ನೆಲ ಬಿಟ್ಟದ್ದು ಗೊತ್ತೇ ಆಗಲಿಲ್ಲ. ಬೆಂಕಿ ನಿಂತಾಗ ಎಂಥ ಮೌನ! ಕೆಳಗಿನ ಸದ್ದೆಲ್ಲ ಮೇಲೆ ಬರುತ್ತದೆ; ಯಾವಳೋ ಮಗನನ್ನು ಶಾಲೆಗೆಬ್ಬಿಸಲು ಬೈಯುತ್ತಿದ್ದುದು ನನಗೆ ಸ್ಪಷ್ಟ ಕೇಳಿತು. ಗಾಣದಿಂದ ಬೆಲ್ಲದ ವಾಸನೆ ಬಂತು. ನಮ್ಮ ನೆರಳು ಕಬ್ಬಿನ ಮೇಲೆ ಹರಿಯುತ್ತಿತ್ತು. ಮಾವಶಿಯ ಮಾಳಿಗೆ ಕಂಡಿತು, ಅಲ್ಲಿ ಒಣಹಾಕಿದ್ದ ಆಕೆಯ ಬಿಳಿ ಸೀರೆಯೂ ಕಂಡಿತು. ಇನ್ನೂ ಮೇಲೇರಿದಾಗ ದಕ್ಷಿಣದಲ್ಲಿ ಕೃಷ್ಣೆ ಬಾಗಿ ಹೊಳೆಯಿತು. ಅದರ ಮಗ್ಗುಲಲ್ಲಿ ಮರಗಳು, ಮರಗಳ ನಡುವೆ ಬೆಳ್ಳಗೆ ಮ್ಹೈಸಾಳದ ಬಸ್ತಿಯ ಶಿಖರ. ಕತ್ತು ತಿರುಗಿಸಬೇಕಾಗಲಿಲ್ಲ. ಆಕೆಯ ತವರು, ಗಂಡನ ಮನೆ ಒಂದೇ ನೋಟಕ್ಕೆ ಸಿಕ್ಕವು. ನಡುವೆ ಎಷ್ಟು ಸ್ವಲ್ಪ ನೆಲ! ಇಷ್ಟು ನೆಲಕ್ಕಾಗಿ ಜನ್ಮವಿಡೀ ಹಂಬಲಿಸಿದೆಯಾ ಎಂದು ಜೋರಾಗಿಯೇ ಅಂದೆ ಕಾಣುತ್ತದೆ, ಪಕ್ಕದವರು ತಿರುಗಿ ನೋಡಿದರು.

ಇಳಿದದ್ದು ಯಾರದೋ ಕಡಲೆಯ ಹೊಲದಲ್ಲಿ. ಜೀಪಿನವನಿಗೆ ನೇರ ಮಾವಶಿಯ ಮನೆಗೆ ಬಿಡು ಎಂದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಅಂಗಳದ ತುಂಬ ಚಪ್ಪಲಿಗಳಿದ್ದವು. ಒಳಗೆ ಚಾಪೆಯ ಮೇಲೆ ಮಾವಶಿ ಕಣ್ಣು ಮುಚ್ಚಿ ಮಲಗಿದ್ದಳು, ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಸುತ್ತ ಕುಳಿತವರು ಮೆಲುದನಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದರು. ಆಕೆಯ ಎರಡೂ ಕೈ ಭರತನ ಕೈಯಲ್ಲಿದ್ದವು. ನನ್ನನ್ನು ನೋಡಿದವನೇ ಹೇಳಿದ:

"ಅಕ್ಕಾ, ಕಿವ್ಯಾಗ ಣಮೋಕಾರ ಹೇಳು. ಬ್ಯಾರೆ ಒಂದ ಮಾತೂ ಬ್ಯಾಡ. ಅವ್ವನ ಮನಸು ಈಗ ಎಲ್ಲಿಯೂ ಸಿಕ್ಕೋಬಾರದು."

ಅದು ನಮ್ಮ ಪದ್ಧತಿ. ಹೊರಟ ಜೀವದ ಕಿವಿಗೆ ಸಂಸಾರದ ಮಾತು ಹಾಕುವುದಿಲ್ಲ. ಪಂಡಿತರೂ ನನಗೆ ಜಾಗ ಬಿಟ್ಟರು. ನಾನು ಬಗ್ಗಿ ಆಕೆಯ ಕಿವಿಗೆ ಬಾಯಿ ತಂದೆ. ಉಸಿರಿನಿಂದಲೇ ನಾನು ಎಂದು ಗೊತ್ತಾಯಿತೋ ಏನೋ, ಮುಚ್ಚಿದ ಕಣ್ಣಲ್ಲೇ ತುಟಿ ಅಲ್ಲಾಡಿತು. ನನಗೊಬ್ಬಳಿಗೇ ಕೇಳಿತು.

"ಕಂಡ್ವೇನ?"

ಭರತ ನನ್ನ ಮುಖವನ್ನೇ ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ಒಂದೇ ಒಂದು ಹೌದು ಸಾಕಿತ್ತು, ಅದು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು "ಣಮೋ ಅರಿಹಂತಾಣಂ" ಎಂದೆ. ಆಕೆ ಸ್ವಲ್ಪ ಹೊತ್ತು ಕಾದಳು. ನಾನು ಮುಂದಿನ ಸಾಲು ಹೇಳಿದೆ. ಆಗ ಆಕೆಯ ತುಟಿಗಳೂ ನನ್ನ ಜೊತೆ ಅಲ್ಲಾಡತೊಡಗಿದವು, ಮಂತ್ರ ಮುಗಿಯುವ ಮೊದಲೇ ನಿಂತವು.

ಮುಂದಿನ ಚಳಿಗಾಲಕ್ಕೆ ಬಲೂನು ಬರಲಿಲ್ಲ. ಭರತನಿಗೆ ನಾನು ಏನೂ ಹೇಳಿಲ್ಲ; ಅವ್ವ ಯಾವ ಆಸೆಯೂ ಇಲ್ಲದೆ ಹೋದಳೆಂದು ಅವನು ಎಲ್ಲರಿಗೂ ಹೇಳುತ್ತಾನೆ, ಹೇಳಲಿ. ನಾನು ಮಾಡಿದ್ದು ಸರಿಯೆಂದೇ ದೊಡ್ಡವರು ಅನ್ನುತ್ತಾರೆ. ಸರಿಯೇ ಇರಬಹುದು. ಆದರೆ ಆಕೆ ಕೇಳಿದ್ದು ಮಂತ್ರವನ್ನಲ್ಲ.

ಎರಡೂ ಕೂಡೇ ಕಂಡ್ವು, ಮಾವಶಿ.